ಅಣ್ಣಯ್ಯನ ಹಕಾರ

ನಮ್ಮ ಪಿರಿಯಾಪಟ್ಟಣದ ಬಾಯಿಗೂ ಹಕಾರಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೆ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹೆಂಡತಿ ಎಂಡ್ತಿಯಾಗುತ್ತಾಳೆ. ಇದರಿಂದ ಯಾರಿಗೂ ತೊಂದರೆ ಆಗಿಲ್ಲ. ಹಾಲು ಉಕ್ಕುತ್ತದೆ, ಹಸು ಮೇಯುತ್ತದೆ, ಹೆಂಡತಿ ಬೈಯುತ್ತಾಳೆ. ಆದರೆ ಈ ಒಂದು ಅಕ್ಷರ ಇಲ್ಲದೆ ಒಂದು ಹಾಕಿ ಪಂದ್ಯವನ್ನು ಕೈಬಿಟ್ಟವರನ್ನು ನಾನು ಬಲ್ಲೆ. ಅದೇ ಅಕ್ಷರವನ್ನು ಬೇಕೆಂದೇ ನುಂಗಿ ಇನ್ನೊಂದು ಪಂದ್ಯ ಗೆದ್ದವರನ್ನೂ ಬಲ್ಲೆ. ಇಬ್ಬರೂ ಒಬ್ಬರೇ. ಅವರು ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ನಿನ್ನೆ ಅವರ ಮನೆಯಲ್ಲಿ ತಿಥಿಯ ಊಟ ಮಾಡಿ ಬಂದೆ. ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉಂಡೆ. ಎಲೆಯಲ್ಲಿ ಏನಾದರೂ ಬಿಟ್ಟರೆ ಅವರಿಗೆ ಆಗುತ್ತಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಮೈಮೇಲೆ ಕಂಬಳಿಹುಳ ಬಿದ್ದಂತೆ. ನಮ್ಮ ಹಾಕಿ ತಂಡದ ಫೋಟೋ ತೆಗೆಸುವಾಗ ಚೆಂಡು ಹುಡುಕುವ ನೆಪದಲ್ಲಿ ಬೇಲಿಯ ಕಡೆ ಹೋಗಿಬಿಡುತ್ತಿದ್ದರು. ನಾವೆಲ್ಲ ಅಣ್ಣಯ್ಯ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ನಮ್ಮ ತಂಡದ ಸಾಹುಕಾರರೂ ಅಣ್ಣಯ್ಯ ಎಂದೇ ಕರೆಯುತ್ತಿದ್ದರು.

ಪಟ್ಟಣದಿಂದ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿ ಅವರಿಗೆ ಸ್ವಲ್ಪ ಜಮೀನು, ಒಂದು ತಂಬಾಕಿನ ಬ್ಯಾರನ್ ಇತ್ತು. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಕಡ್ಡಿಗಳಿಗೆ ಕಟ್ಟಿದ ಹಸಿ ಸೊಪ್ಪನ್ನು ಒಳಗೆ ಸಾಲು ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿ ಐದಾರು ದಿನ ಬೇಯಿಸಬೇಕು. ಒಳಗಿನ ಕಾವು ನೋಡಲು ಎಲ್ಲರೂ ಥರ್ಮಾಮೀಟರ್ ಇಟ್ಟುಕೊಂಡಿದ್ದರು. ಅಣ್ಣಯ್ಯನೂ ಇಟ್ಟುಕೊಂಡಿದ್ದರು, ಆದರೆ ಅದು ನೆಂಟರಿಗೆ ತೋರಿಸುವುದಕ್ಕೆ. ಅವರು ನೋಡುತ್ತಿದ್ದುದು ಅಂಗೈಯಲ್ಲಿ. ಗೋಡೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ನಾಲ್ಕು ಉಸಿರು ಎಳೆಯುವಷ್ಟು ಹೊತ್ತು ನಿಂತು, “ಇನ್ನೊಂದು ಕೊಳ್ಳಿ ಮುಂದುಕ್ ತಳ್ಳು” ಎನ್ನುತ್ತಿದ್ದರು. ಆಮೇಲೆ ಥರ್ಮಾಮೀಟರ್ ನೋಡಿದವರು ತಲೆ ಆಡಿಸುತ್ತಿದ್ದರು.

ಆಟಗಾರರನ್ನೂ ಅವರು ಹಾಗೆಯೇ ನೋಡುತ್ತಿದ್ದರು. ಪಂದ್ಯಕ್ಕೆ ಮುಂಚೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕತ್ತಿನ ಹಿಂದೆ ಅಂಗೈ ಇಡುವುದು. “ನಿಂಗಿನ್ನೂ ಕಾವ್ ಬಂದಿಲ್ಲ ಕಣ್ಲಾ, ಇನ್ನೆರಡು ಸುತ್ತು ಓಡು.” “ನಿಂಗೆ ಜಾಸ್ತಿ ಆಗೈತೆ, ಎಂಡ್ತಿ ಜೊತೆ ಜಗಳ ಆಡ್ಕಂಡ್ ಬಂದಿದ್ದೀಯ, ಕೂತ್ಕೊ, ನೀರ್ ಕುಡಿ.” ಎರಡನೆಯದು ನನಗೆ ಹೇಳಿದ್ದು, ಮತ್ತು ಅದು ನಿಜವಾಗಿತ್ತು. ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಅವರೇ ನಮ್ಮ ಗೋಲ್‌ಕೀಪರ್. ಮಂಡಿ ಮಡಚುವುದು ಕಷ್ಟವಾದ ಮೇಲೆ ಕೋಚ್ ಆದರು. ಕೋಚಿಂಗ್ ಅವರಿಗೆ ಯಾರೂ ಕಲಿಸಿರಲಿಲ್ಲ, ಅವರಿಗೆ ಗೊತ್ತಿದ್ದುದು ಸೊಪ್ಪು ಬೇಯಿಸುವುದೊಂದೇ. ಬ್ಯಾರನ್‌ನಲ್ಲಿ ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆ ಹೊತ್ತಿನಲ್ಲಿ ಆತುರಪಟ್ಟು ಬೆಂಕಿ ಏರಿಸಿದರೆ ಎಲೆ ಹಸಿರು ಹಸಿರಾಗಿಯೇ ಸುಟ್ಟು ಹಾಳಾಗುತ್ತದೆ. “ಮೊದ್ಲು ಅಣ್ಣಾಗ್ಲಿ, ಆಮೇಲೆ ಕಾವು ಏರ್ಸಿ” ಎನ್ನುವುದೇ ಅವರ ಒಟ್ಟು ಯುದ್ಧತಂತ್ರ. ಹಣ್ಣಾಗಬೇಕಾದದ್ದು ಎದುರಾಳಿಗಳು. ಅರ್ಧ ಆಟ ಚೆಂಡನ್ನು ಅತ್ತ ಇತ್ತ ಸಣ್ಣಗೆ ದಾಟಿಸಿಕೊಂಡು ಅವರನ್ನು ಸುತ್ತಾಡಿಸುವುದು, ಕೊನೆಯಲ್ಲಿ ಮೇಲೆ ಬೀಳುವುದು. ಹೇಳುವುದಕ್ಕೆ ಚೆನ್ನಾಗಿತ್ತು. ಆದರೆ ಕೊಡಗಿನ ಗಡಿಯ ಕಡೆಯ ತಂಡಗಳವರು ಮಕ್ಕಳಾಗಿದ್ದಾಗಲೇ ಸ್ಟಿಕ್ ಹಿಡಿದವರು. ಅವರು ಹಣ್ಣಾಗುವಷ್ಟರಲ್ಲಿ ನಾವೇ ಕೊಳೆತುಹೋಗಿರುತ್ತಿದ್ದೆವು.

ಗೌರಿ ಹಬ್ಬ ಮುಗಿದ ಮೇಲೆ ಶುರುವಾಗಿ ದೀಪಾವಳಿಯ ಹೊತ್ತಿಗೆ ಮುಗಿಯುವ ಭಾನುವಾರದ ಲೀಗ್ ಅದು. ಎಂಟು ತಂಡ: ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಸಾಲಿಗ್ರಾಮ, ನಾವು, ಮತ್ತೆ ಕೊಡಗಿನ ಕಡೆಯ ಮೂರು. ಪ್ರತಿಯೊಂದು ತಂಡವೂ ಉಳಿದ ಏಳರ ಜೊತೆ ಒಂದೊಂದು ಸಲ ಆಡಬೇಕು. ಮೊದಲ ನಾಲ್ಕು ಸ್ಥಾನದವರಿಗೆ ಸೆಮಿಫೈನಲ್. ಉಳಿದವರು ಮನೆಗೆ. ನಮ್ಮ ತಂಡ ಹುಟ್ಟಿದಾಗಿನಿಂದ ಉಳಿದವರ ಪೈಕಿಯೇ ಇತ್ತು. ನಮ್ಮನ್ನು ಸಾಕುತ್ತಿದ್ದವರು ಅಕ್ಕಿ ಗಿರಣಿಯ ಸಾಹುಕಾರರು. ಆಡಿದ ದಿನಕ್ಕೆ ಕೂಲಿ ಕೊಟ್ಟು, ವ್ಯಾನು ಮಾಡಿಸಿ, ಮಧ್ಯಾಹ್ನದ ಊಟ ಹಾಕಿಸಿ, ಸೋತು ಬಂದವರ ಮುಖ ನೋಡುತ್ತಿದ್ದ ಪುಣ್ಯಾತ್ಮರು.

ನಾನು ಹೇಳುತ್ತಿರುವ ವರ್ಷ ಮೊದಲ ಎರಡು ಪಂದ್ಯ ಕೊಡಗಿನ ಕಡೆಯವರಿಗೇ ಸೋತೆವು. ಮೂರನೆಯದು ಕೆ.ಆರ್. ನಗರದಲ್ಲಿ. ಆ ವರ್ಷ ನಮಗೊಬ್ಬ ಹೊಸ ಡಿಫೆಂಡರ್ ಸಿಕ್ಕಿದ್ದ, ಬಿಜು ಅಂತ. ವಯನಾಡಿನವನು. ಅವನ ಚಿಕ್ಕಪ್ಪ ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಹತ್ತಿರ ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದಿದ್ದರು. ಇವನು ಅದನ್ನು ನೋಡಿಕೊಳ್ಳಲು ಬಂದವನು. ಕಾಲೇಜಿನಲ್ಲಿದ್ದಾಗ ಕೇರಳದಲ್ಲಿ ಚೆನ್ನಾಗಿ ಹಾಕಿ ಆಡಿದ್ದ. ಶುಂಠಿಗೆ ಗೊಬ್ಬರ ಒಯ್ಯಲು ಪಿರಿಯಾಪಟ್ಟಣಕ್ಕೆ ಬಂದಿದ್ದಾಗ ನಮ್ಮ ಅಭ್ಯಾಸ ನೋಡುತ್ತಾ ಬೇಲಿ ಹತ್ತಿರ ನಿಂತಿದ್ದ. ದಾರಿ ತಪ್ಪಿ ಬಂದ ಚೆಂಡನ್ನು ಅವನು ಕಾಲಲ್ಲಿ ತಡೆದ ರೀತಿ ಕಂಡ ಅಣ್ಣಯ್ಯ, ಕೋಟೆಯವರ ಕಣ್ಣಿಗೆ ಬೀಳುವ ಮೊದಲೇ ಅವನನ್ನು ನಮ್ಮ ತಂಡಕ್ಕೆ ಹಾಕಿಕೊಂಡರು. ಬಂದು ಎರಡು ತಿಂಗಳಾಗಿತ್ತು, ಕನ್ನಡ ಇನ್ನೂ ತೊದಲುತ್ತಿದ್ದ.

ಕೆ.ಆರ್. ನಗರದಲ್ಲಿ ನಾವು ಎರಡು-ಒಂದರಲ್ಲಿ ಮುಂದಿದ್ದೆವು. ಇನ್ನು ಒಂದೇ ನಿಮಿಷ. ಚೆಂಡು ಬಿಜುವಿನ ಸ್ಟಿಕ್ಕಿಗೆ ಬಂತು. ಅದನ್ನು ಬಿಡದೆ ಇಟ್ಟುಕೊಂಡು ಹೊತ್ತು ಕಳೆದರೆ ಸಾಕಿತ್ತು. ಅಣ್ಣಯ್ಯ ಗೆರೆಯ ಹೊರಗಿನಿಂದ ಕೂಗಿದರು, “ಇಡಿ! ಇಡಿ! ಇಡೀಲಾ!”

ನಮ್ಮ ಕಡೆಯವರು ಯಾರೇ ಆದರೂ ಅದನ್ನು ಹಿಡಿ ಎಂದು ಕೇಳಿಸಿಕೊಳ್ಳುತ್ತಾರೆ. ಬಿಜು ಕೇಳಿಸಿಕೊಂಡಿದ್ದು ಮಲಯಾಳದ ಇಡಿ. ಅವರಲ್ಲಿ ಇಡಿ ಎಂದರೆ ಗುದ್ದು. ಅವನು ಒಂದು ಸಲ ಅಣ್ಣಯ್ಯನ ಮುಖ ನೋಡಿದ, ಇಷ್ಟು ಆವೇಶದಿಂದ ಹೇಳುತ್ತಿದ್ದಾರಲ್ಲ ಅಂದುಕೊಂಡ, ಎರಡೂ ಕೈಯೆತ್ತಿ ಚೆಂಡಿಗೆ ಗುದ್ದಿದ. ಅದು ನೇರ ಹೋಗಿ ಕೆ.ಆರ್. ನಗರದವರ ಫಾರ್ವರ್ಡ್‌ನ ಸ್ಟಿಕ್ಕಿಗೆ ಸೇರಿತು. ಅವನು ನಾಲ್ಕು ಹೆಜ್ಜೆ ಓಡಿ ಗೋಲು ಹೊಡೆದ. ಎರಡು-ಎರಡು, ಪಂದ್ಯ ಮುಗಿಯಿತು.

ವ್ಯಾನಿನಲ್ಲಿ ವಾಪಸು ಹೊರಟೆವು. ಸಾಲಿಗ್ರಾಮದ ಗೇಟು ದಾಟಿದ ಮೇಲೆ ಬಿಜು ಮೆಲ್ಲಗೆ ಕೇಳಿದ, “ಅಣ್ಣಾ, ನೀವೇ ಇಡಿ ಇಡಿ ಹೇಳಿದ್ರಲ್ಲಾ?”

“ಊಂ ಕಣಪ್ಪಾ, ಇಡಿ ಅಂದೆ. ನೀನ್ಯಾಕ್ ಇಡೀಲಿಲ್ಲ?”

“ಇಡಿದೆ ಅಲ್ವಾ!”

ಇದು ಹೀಗೆಯೇ ಎರಡು ಮೈಲಿ ನಡೆಯಿತು. ಕೊನೆಗೆ ಅವನು ಮುಷ್ಟಿ ಕಟ್ಟಿ ಮುಂದಿನ ಸೀಟಿಗೆ ಗುದ್ದಿ ತೋರಿಸಿದಾಗ ನಮಗೆಲ್ಲ ಅರ್ಥವಾಯಿತು. ಮೊದಲು ನಕ್ಕವನು ಡ್ರೈವರ್. ಆಮೇಲೆ ಎಲ್ಲರೂ ನಕ್ಕೆವು. ಅಣ್ಣಯ್ಯ ಮಾತ್ರ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, “ತಪ್ಪು ನಂದೇ ಕಣ್ ಬುಡು ಮಗ” ಎಂದರು.

ಸಾಹುಕಾರರು ಗಿರಣಿಯ ಮುಂದೆ ಕಾಯುತ್ತಿದ್ದರು. ಕೂಗಾಡುವ ಜನ ಅಲ್ಲ ಅವರು. ಎಲ್ಲರಿಗೂ ಕಾಫಿ ಕೊಡಿಸಿ ಆಮೇಲೆ ಹೇಳಿದರು, “ನೋಡಣ್ಣಯ್ಯ, ನಂಗೂ ವಯಸ್ಸಾಯ್ತು. ಈ ಸಲ ನಾಕ್ರೊಳಿಕ್ಕೆ ಬಂದ್ರೆ ತಂಡ ಇರ್ಲಿ, ನಾನು ಇರೋಗಂಟ ನಡುಸ್ತೀನಿ. ಬರ್ನಿಲ್ಲ ಅಂದ್ರೆ ಮುಚ್‌ಬುಡಾನ. ಬೇಜಾರ್ ಮಾಡ್ಕಬೇಡ.”

“ಆಗ್ಲಿ ಸಾವ್ಕಾರ್ರೆ” ಎಂದರು ಅಣ್ಣಯ್ಯ. ವಾದ ಮಾಡಲಿಲ್ಲ. ಸ್ಟಿಕ್ಕುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ನನ್ನ ಬೈಕಿನ ಹಿಂದೆ ಕೂತರು. ಕೆರೆ ಏರಿಯ ಮೇಲೆ ಬರುವಾಗ ಬೆನ್ನ ಹಿಂದಿನಿಂದ ಅವರ ದನಿ ಕೇಳಿತು. “ಮುಚ್ಚುದ್ರೆ ಬಾನ್ವಾರ ನಾನೆಲ್ಲಿಗ್ಲಾ ಓಗ್ಲಿ?”

ವಾರದ ಆರು ದಿನ ಅವರು ಸೊಪ್ಪಿನವರು, ಜಮೀನಿನವರು, ಮನೆಯವರು. ಭಾನುವಾರ ಒಂದು ದಿನ ಮಾತ್ರ ಅವರು ಅವರಾಗಿರುತ್ತಿದ್ದರು. ಬೈಕಿನ ಕನ್ನಡಿಯಲ್ಲಿ ಮುಖ ಕಾಣಲಿಲ್ಲ, ಗೋಣಿಚೀಲ ಅಡ್ಡ ಇತ್ತು. ಕಾಣದೆ ಇದ್ದದ್ದೇ ಒಳ್ಳೆಯದಾಯಿತು.

ಉಳಿದದ್ದು ನಾಲ್ಕು ಪಂದ್ಯ. ನಾಲ್ಕನ್ನೂ ಗೆದ್ದರೆ ಮಾತ್ರ ನಾಲ್ಕರೊಳಗೆ. ಒಂದು ಡ್ರಾ ಆದರೂ ಮುಗಿಯಿತು.

ಬುಧವಾರ ಮಧ್ಯಾಹ್ನ ಅವರ ಹಳ್ಳಿಗೆ ಹೋದೆ. ಬ್ಯಾರನ್‌ನಲ್ಲಿ ಸೊಪ್ಪು ಏರಿಸಿದ್ದರು. ಅಣ್ಣಯ್ಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿಯ ಮುಂದೆ ಅಂಗೈ ಹಿಡಿದುಕೊಂಡು, “ಹ... ಹ... ಹಿ... ಹಿಡಿ” ಎನ್ನುತ್ತಿದ್ದರು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಸೊಪ್ಪಿನ ಕಡ್ಡಿ ಜೋಡಿಸುತ್ತಾ ಅವರನ್ನೇ ನೋಡುತ್ತಿದ್ದರು.

“ಎರಡು ದಿನದಿಂದ ಇದೇ ಕಣಪ್ಪಾ” ಎಂದರು ಅತ್ತಿಗೆ ನನಗೆ. “ದಮ್ಮೇನಾರ ಬಂದೈತೇನೋ ಅಂತ ಕಷಾಯ ಕಾಯ್ಸಿ ಕೊಟ್ಟೆ. ಕುಡುದ್ರು. ಕುಡ್ದು ಮತ್ತೆ ಅಹಾ ಅಹಾ ಅಂತ ಕೂತವ್ರೆ.”

ಬಿಜು ಫೋನಿನಲ್ಲಿ ಉಪಾಯ ಹೇಳಿಕೊಟ್ಟಿದ್ದನಂತೆ. ಬಾಯಿಯ ಮುಂದೆ ಅಂಗೈ ಇಟ್ಟುಕೊಳ್ಳಿ ಅಣ್ಣಾ, ಕೈಗೆ ಬಿಸಿ ತಾಗಿದರೆ ಹ ಬಂತು ಅಂತ, ತಾಗದಿದ್ದರೆ ಇಲ್ಲ ಅಂತ. ಕಾವು ನೋಡುವ ಅಂಗೈಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಐವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಹಕಾರವನ್ನೇ ಮುಟ್ಟದ ಮನುಷ್ಯ, ಒಂದು ಕೈಯನ್ನು ಬ್ಯಾರನ್ ಗೋಡೆಗೆ, ಇನ್ನೊಂದನ್ನು ಬಾಯಿಗೆ ಇಟ್ಟುಕೊಂಡು ಅಕ್ಷರ ಕಲಿಯುತ್ತಿದ್ದರು. “ಅವ್ನಿಗೆ ನಮ್ ಮಾತು ಕಲ್ಸಿ ಅಣ್ಣಯ್ಯ, ನೀವ್ಯಾಕ್ ಒದ್ದಾಡ್ತೀರಿ?” ಎಂದೆ. “ಅವ್ನು ಊರು ಬುಟ್ಟು ಬಂದವ್ನೆ. ಅಷ್ಟು ಸಾಲ್ದಾ? ಒಂದಕ್ಷರ ನಾನು ಕಲೀತೀನಿ ಬುಡು” ಎಂದರು.

ಕಲಿತರು. ಆದರೆ ಕಲಿತ ಅಕ್ಷರವನ್ನು ಎಲ್ಲಿ ಬಳಸಬೇಕೆಂದು ತಿಳಿಯದೆ ಎಲ್ಲ ಕಡೆಗೂ ಹಾಕತೊಡಗಿದರು. “ಹೂಟ ಆಯ್ತಾ?” “ಹೆಲೆ ಅಡಿಕೆ ಐತಾ?” ಮುಂದಿನ ಭಾನುವಾರ ಗೆರೆಯ ಹೊರಗೆ ನಿಂತು “ಹೋಡ್ಲಾ, ಹೋಡು! ಹೆಡಗಡೆ ಹೋಡು!” ಎಂದು ಕೂಗಿದಾಗ ನಗು ತಡೆಯಲಾರದೆ ನಮ್ಮ ಸೆಂಟರ್ ಹಾಫ್ ಚೆಂಡನ್ನೇ ಬಿಟ್ಟ. ಆದರೆ ಬಿಜುವಿನ ಹತ್ತಿರ ಚೆಂಡು ಬಂದಾಗಲೆಲ್ಲ ಅಣ್ಣಯ್ಯ ಕುತ್ತಿಗೆ ನರ ಉಬ್ಬಿಸಿ “ಹಿಡಿ!” ಎನ್ನುವರು. ಆ ಹಕಾರ ಮೈದಾನದ ಆಚೆ ಬದಿಗೂ ಕೇಳುತ್ತಿತ್ತು. ಬಿಜು ಹಿಡಿಯುತ್ತಿದ್ದ.

ಕೊಡಗಿನ ಕಡೆಯ ಮೂರನೆಯ ತಂಡವನ್ನು ಒಂದು ಗೋಲಿನಿಂದ ಗೆದ್ದೆವು. ನಾವೇ ನಂಬಲಿಲ್ಲ. ಸಾಲಿಗ್ರಾಮದವರನ್ನು ಗೆದ್ದೆವು. ಕೋಟೆಯವರನ್ನು ಮಳೆಯಲ್ಲಿ, ಕೆಸರಿನಲ್ಲಿ, ಯಾರ ಬನಿಯನ್ ಯಾವ ಬಣ್ಣ ಎಂದು ಗೊತ್ತಾಗದ ಆಟದಲ್ಲಿ ಮೂರು-ಎರಡರಲ್ಲಿ ಗೆದ್ದೆವು. ಸಂತೆಯಲ್ಲಿ ಜನ ನನ್ನನ್ನು ಗುರುತು ಹಿಡಿದು “ಏನಪ್ಪಾ, ನಾಕ್ರೊಳಿಕ್ಕಾ?” ಎಂದು ಕೇಳತೊಡಗಿದರು. ಟೊಮೊಟೊ ಮಾರುವವರು ಎರಡು ಹೆಚ್ಚು ಹಾಕಿದರು. ಆಟಗಾರನಾಗಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ, ಹುಣಸೂರಿನವರ ಮೇಲೆ. ಅವರಿಗೆ ಡ್ರಾ ಸಾಕಿತ್ತು, ನಾಲ್ಕರೊಳಗೆ ಸೇರಿಬಿಡುತ್ತಿದ್ದರು. ನಾವು ಗೆಲ್ಲಲೇಬೇಕಿತ್ತು. ಅಣ್ಣಯ್ಯನ ಮನೆಯಲ್ಲಿ ಆ ವರ್ಷದ ಕೊನೆಯ ಸೊಪ್ಪು ಬ್ಯಾರನ್‌ನೊಳಗಿತ್ತು. ಅದರ ಮೂರನೆಯ ದಿನ, ಒಲೆ ಬಿಟ್ಟು ಕದಲುವಂತಿಲ್ಲ. ಅತ್ತಿಗೆಯ ಮೇಲೆ ಬಿಟ್ಟು ಬಂದಿದ್ದರು. ಬಂದು ಎಲ್ಲರ ಕತ್ತಿನ ಮೇಲೂ ಕೈ ಇಟ್ಟರು. ಅವತ್ತು ಕಾವಿನ ವಿಷಯ ಹೇಳಲಿಲ್ಲ. ಅವರ ಅಂಗೈಯೇ ತಣ್ಣಗಿತ್ತು.

ಮೊದಲು ಹುಣಸೂರಿನವರು ಒಂದು ಗೋಲು ಹೊಡೆದರು. ವಿರಾಮದ ಮೇಲೆ ನಾವೊಂದು ಹೊಡೆದೆವು. ಆಮೇಲೆ ಏನು ಮಾಡಿದರೂ ಆಗಲಿಲ್ಲ. ಡ್ರಾ ಸಾಕಾದ ಹುಣಸೂರಿನವರು ಹನ್ನೊಂದು ಜನವೂ ತಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತರು. ಕೊನೆಯ ನಿಮಿಷ ಬಂತು. ನಾನು ಎಡಗಡೆಯ ಫಾರ್ವರ್ಡ್, ಅವರ ಗೋಲಿನ ಮುಂದಿನ ಡಿ ಎನ್ನುವ ಅರ್ಧವೃತ್ತದ ಒಳಗೆ, ಏದುಸಿರು ಬಿಡುತ್ತಾ, ಸ್ಟಿಕ್ ನೆಲಕ್ಕೆ ಊರಿ ನಿಂತಿದ್ದೆ. ಮೈದಾನದ ನಡುವೆ ಬಿಜುವಿಗೆ ಚೆಂಡು ಸಿಕ್ಕಿತು.

“ಇಡಿ!” ಎಂದು ಕೂಗಿದರು ಅಣ್ಣಯ್ಯ. ಹಕಾರ ಇಲ್ಲ. “ಇಡೀಲಾ, ಇಡಿ!”

ನನ್ನ ಮೈ ಉರಿದುಹೋಯಿತು. ಡ್ರಾ ಆದರೆ ತಂಡವೇ ಇಲ್ಲ, ಈ ಮನುಷ್ಯ ಹಿಡಿ ಅನ್ನುತ್ತಾರಲ್ಲ! ಹುಣಸೂರಿನವರೂ ನಮ್ಮ ಮಾತಿನವರೇ, ಅವರಿಗೂ ಹಿಡಿ ಎಂದೇ ಕೇಳಿಸಿತು. ಅವರ ಭುಜಗಳು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಪಕ್ಕದಲ್ಲಿದ್ದ ಅವರ ಡಿಫೆಂಡರ್ ಸೊಂಟಕ್ಕೆ ಕೈ ಕೊಟ್ಟು, “ಸುಸ್ತಾಗೋಯ್ತು ಕಣ್ಲಾ” ಎಂದು ನನಗೇ ಹೇಳಿದ. ಗೋಡೆಯಲ್ಲಿ ಬಿರುಕು ಬಿಟ್ಟಿತು.

ಒಂದು ತಿಂಗಳಿಂದ ಬಿಜುವಿಗೆ ಅಣ್ಣಯ್ಯ ಹಕಾರವಿಲ್ಲದೆ ಆ ಮಾತು ಹೇಳಿದ್ದೇ ಇಲ್ಲ. ಆದ್ದರಿಂದ ಅವನಿಗೆ ಅದು ಅವನ ಮಾತಾಗಿಯೇ ಕೇಳಿಸಿತು. ಎರಡೂ ಕೈಯೆತ್ತಿ ಗುದ್ದಿದ. ಚೆಂಡು ನೆಲಕ್ಕೆ ಅಂಟಿಕೊಂಡು ಆ ಬಿರುಕಿನಲ್ಲಿ ನುಗ್ಗಿ ಬಂದು, ಊರಿಕೊಂಡು ನಿಂತಿದ್ದ ನನ್ನ ಸ್ಟಿಕ್ಕಿಗೆ ಬಡಿದು, ಗೋಲಿನೊಳಗೆ ಹೋಯಿತು. ನಾನು ಗೋಲು ಹೊಡೆಯಲಿಲ್ಲ. ಅಣ್ಣಯ್ಯನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ನಿಂತಿದ್ದೆ, ಗೋಲೇ ಬಂದು ನನ್ನನ್ನು ಹೊಡೆಯಿತು. ಮಾರನೆಯ ದಿನ ನನ್ನ ಸಮಯಪ್ರಜ್ಞೆಯನ್ನು ಹೊಗಳಿದವರಿಗೆ ನಾನು ಇದನ್ನು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಎಲ್ಲರೂ ಅಣ್ಣಯ್ಯನನ್ನು ಎತ್ತಿಕೊಂಡು ಕುಣಿದರು. ತಂಡದ ಫೋಟೋಗಳಲ್ಲಿ ಅವರ ಮುಖ ಇರುವುದು ಅದೊಂದರಲ್ಲೇ, ಭುಜದ ಮೇಲಿಂದ ಇಳಿದು ಓಡಲಾಗದೆ ಸಿಕ್ಕಿಬಿದ್ದದ್ದು. ಕೆಳಗಿಳಿಸಿದ ಮೇಲೆ ಕೇಳಿದೆ, “ಮರ್ತು ಅಂದ್ರಾ ಅಣ್ಣಯ್ಯ, ಬೇಕಂತ ಅಂದ್ರಾ?”

“ಒಂದ್ ತಿಂಗ್ಳು ಹ ಅನ್ನಾದ ಕಲ್ತಿದ್ದು ಯಾತಕ್ಲಾ? ಬೇಕಾದಾಗ ಬುಡಾಕೆ” ಎಂದರು. ಆಮೇಲೆ ಬ್ಯಾರನ್ ನೆನಪಾಗಿ ನನ್ನ ಬೈಕಿನ ಕಡೆ ಓಡಿದರು. ಮನೆಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಕಾವು ಹೇಗಿರಬೇಕೋ ಹಾಗೆಯೇ ಇತ್ತು. ಅತ್ತಿಗೆ ಒಲೆಯ ಮುಂದಿನಿಂದ ಏಳದೆಯೇ ಹೇಳಿದರು, “ಪ್ರತಿ ಬಾನ್ವಾರ ನೀವು ಓದ್ ಮೇಲೆ ಇದ್ನ ಬೇಯ್ಸಿದ್ದು ಯಾರು ಅಂದ್ಕಂಡಿದ್ದೀರಿ?” ಅಣ್ಣಯ್ಯ ಗೋಡೆಯಿಂದ ಕೈ ತೆಗೆದು, ಅತ್ತಿಗೆಯ ಕೈಯಿಂದ ಸೌದೆ ಇಸಿದುಕೊಂಡು, ಅವರ ಪಕ್ಕದಲ್ಲಿ ಕೂತರು. ನಾನು ಬೈಕ್ ತಿರುಗಿಸಿಕೊಂಡು ಬಂದೆ.

ಸೆಮಿಫೈನಲ್‌ನಲ್ಲಿ ಐದು ಗೋಲು ತಿಂದೆವು. ಅದರ ಬಗ್ಗೆ ಬರೆಯುವುದೇನೂ ಇಲ್ಲ. ಸಾಹುಕಾರರು ಮಾತು ಉಳಿಸಿಕೊಂಡರು, ಅವರ ನಂತರ ಅವರ ಮಗಳು ಗಿರಣಿಯ ಜೊತೆಗೆ ತಂಡವನ್ನೂ ವಹಿಸಿಕೊಂಡರು. ತಂಡ ಈಗಲೂ ಇದೆ. ಅಣ್ಣಯ್ಯ ಕಳೆದ ವರ್ಷದವರೆಗೂ ಯಾವ ಭಾನುವಾರವನ್ನೂ ತಪ್ಪಿಸಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಎಡಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಒಂದು ದಿನ ನಾನೂ ಬಿಜುವೂ ಒಟ್ಟಿಗೆ ಹೋದೆವು. ಬಿಜು ಬೇಗೂರಿನ ಕಡೆಯ ಹುಡುಗಿಯನ್ನೇ ಮದುವೆಯಾಗಿ ಅಲ್ಲೇ ನೆಲೆ ನಿಂತಿದ್ದಾನೆ. ಬೆಳಗಿನ ಬಸ್ಸಿಗೆ ಕೋಟೆ ಮೇಲೆ ಬಂದಿದ್ದ. ನನ್ನ ಕೈಯಲ್ಲಿ ಹಣ್ಣಿನ ಚೀಲ. ನರ್ಸ್ ಲೋಟದಲ್ಲಿ ನೀರು ಕುಡಿಸುತ್ತಿದ್ದರು.

ಅಣ್ಣಯ್ಯ ನಮ್ಮನ್ನು ನೋಡಿದರು. ಬಲಗೈಯನ್ನು ಹಾಸಿಗೆಯಿಂದ ಸ್ವಲ್ಪ ಎತ್ತಿದರು. ತುಟಿ ಒದ್ದಾಡಿ, ಒಂದು ಮಾತು ಹೊರಗೆ ಬಂತು.

“ಇಡಿ.”

ನರ್ಸ್ “ಆಯ್ತು ಯಜಮಾನ್ರೆ” ಎಂದು ಲೋಟವನ್ನು ಮೇಜಿನ ಮೇಲೆ ಇಟ್ಟರು. ನಾನು ಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟೆ. ನಲವತ್ತು ವರ್ಷ ಅವರದೇ ಮಾತಾಡಿದವನು ನಾನು, ನನಗೆ ತಿಳಿದದ್ದು ಅಷ್ಟೆ. ಎತ್ತಿದ ಕೈಯನ್ನು ಅವರು ಇನ್ನೂ ಇಳಿಸಿರಲಿಲ್ಲ.

ಬಿಜು ಸ್ಟೂಲನ್ನು ಎಳೆದುಕೊಂಡು ಕೂತು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದ.

ಅಣ್ಣಯ್ಯ ಕಣ್ಣು ಮುಚ್ಚಿದರು. ಬ್ಯಾರನ್ ಗೋಡೆಯ ಹತ್ತಿರ ನಿಲ್ಲುತ್ತಿದ್ದಂತೆ ನಾಲ್ಕು ಉಸಿರು ಎಳೆಯುವಷ್ಟು ಹೊತ್ತು ಸುಮ್ಮನಿದ್ದು, “ಕಾವೈತೆ” ಎಂದರು. ಅದು ನನಗೂ ಅರ್ಥವಾಯಿತು. ಬಿಜು ಮಧ್ಯಾಹ್ನದ ಬಸ್ಸು ಬಿಟ್ಟ, ಸಂಜೆಯ ಬಸ್ಸನ್ನೂ ಬಿಟ್ಟ. ಆ ಕೈಯನ್ನು ಮಾತ್ರ ಬಿಡಲಿಲ್ಲ.